ಡಿಸಾಸ್ಟ್ರಸ್ ಅಂದ್ರೆ ನಮ್ಮ ಗ್ರಹಚಾರವೇ

ರಾತ್ರಿ ಅಣ್ಣನ ಮಗಳು ಪುಸ್ತಕ ಹಿಡಿದು ಬಂದಳು. "ಚಿಕ್ಕಪ್ಪ, ಡಿಸಾಸ್ಟ್ರಸ್ ಅಂದ್ರೆ ಏನು?" ದೊಡ್ಡ ಅನಾಹುತ ತರುವಂಥದ್ದು ಅಂದೆ. ಡಿಸಾಸ್ಟರ್ ಅಂತ ಪೂರ್ತಿ ಬರೆದು ಅದಕ್ಕೇ ಬಾಲ ಸೇರಿಸಿದ್ದಳು. ಡೇಂಜರ್ ಡೇಂಜರಸ್ ಆದ ಹಾಗೆ ಅಲ್ಲ ಇದು, 'ಟಿ' ಆದಮೇಲಿನ 'ಇ' ಬಿದ್ದುಹೋಗುತ್ತದೆ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ.

ಆಮೇಲೆ ಪದದ ಬೇರು ಹೇಳಿದೆ. ಇಟಾಲಿಯನ್ನಿನ ಡಿಸಾಸ್ಟ್ರೊ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದು. ಡಿಸ್ ಅಂದರೆ ಕೆಟ್ಟ, ಆಸ್ಟ್ರೊ ಅಂದರೆ ನಕ್ಷತ್ರ. ಕೆಟ್ಟ ನಕ್ಷತ್ರದ ಕಾಟ! ನಮ್ಮ ಗ್ರಹಚಾರವೂ ಅದೇ ಅಲ್ವಾ? ಚಳ್ಳಕೆರೆ ಕಡೆಯ ನಮ್ಮಜ್ಜಿ, ಬಿತ್ತಿದ ಮೇಲೆ ಮಳೆ ಕೈಕೊಟ್ಟು ಶೇಂಗಾ ಹೂವಿಗೆ ಬರುವ ಹೊತ್ತಿಗೇ ಒಣಗಿದ ವರ್ಷ, ಬದುವಿನ ಮೇಲೆ ಕೂತು "ಗ್ರಹಚಾರ ಕಣಪ್ಪಾ" ಅಂದದ್ದು ಇನ್ನೂ ಕಿವಿಯಲ್ಲಿದೆ. ಎಲ್ಲೋ ದೂರದ ಇಟಲಿಯವರೂ ನಮ್ಮಜ್ಜಿಯ ಹಾಗೇ ಆಕಾಶ ನೋಡಿದ್ದರು ಅನ್ನಿಸಿ ಮನಸ್ಸು ತುಂಬಿ ಬಂತು.

ಈಗ ಸೋತ ಮ್ಯಾಚಿಗೂ, ಚೆನ್ನಾಗಿಲ್ಲದ ಸಿನಿಮಾಕ್ಕೂ ಡಿಸಾಸ್ಟ್ರಸ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ತಪ್ಪಲ್ಲ. ಆದರೂ ಬಸ್ ತಪ್ಪಿದ್ದಕ್ಕೆ, ಉಪ್ಪಿಟ್ಟು ಸೀದದ್ದಕ್ಕೆಲ್ಲ ಸುಮ್ನೆ ಬಳಸಬೇಡ ಅಂದೆ. ಬರ, ನೆರೆ, ಒಂದು ಮನೆಯನ್ನೇ ಮುಳುಗಿಸುವ ಸಾಲ, ಇಂಥ ಕಡೆ ಆ ಪದಕ್ಕೆ ತೂಕ ಜಾಸ್ತಿ.

ಅವಳು ಸ್ವಲ್ಪ ಹೊತ್ತು ಯೋಚಿಸಿ ನೋಟ್ಸಿನಲ್ಲಿ ಒಂದೇ ಸಾಲು ಬರೆದಳು: "ದ ಡ್ರಾಟ್ ವಾಸ್ ಡಿಸಾಸ್ಟ್ರಸ್ ಫಾರ್ ಅಜ್ಜಿ."