ಏಳನೇ ತರಗತಿಯವರನ್ನು ಕಳಿಸಿಕೊಡುವಾಗ

ಒಂದನೇ ತರಗತಿಗೆ ಅಳುತ್ತಾ ಬಂದವರು ಏಳು ವರ್ಷ ನಮ್ಮ ಕಣ್ಣೆದುರೇ ಬೆಳೆದು, ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಕೇಳಿಸಿಕೊಂಡು ಹೊರಟುಬಿಡುತ್ತಾರೆ. ಉಳಿದ ತರಗತಿಯವರು ಬೇಸಿಗೆ ರಜೆ ಮುಗಿಸಿ ಮತ್ತೆ ಬರುತ್ತಾರೆ, ಇವರು ಬರುವುದಿಲ್ಲ. ಎಷ್ಟು ವರ್ಷ ಪಾಠ ಮಾಡಿದರೂ ಮೇಷ್ಟ್ರುಗಳಿಗೆ ಈ ಸಂಕಟ ರೂಢಿಯಾಗುವುದಿಲ್ಲ.

ಬೀಳ್ಕೊಡುಗೆಯ ದಿನ ಅತಿಥಿಗಳ ಭಾಷಣ, ಸನ್ಮಾನ ಮುಗಿಯುವಷ್ಟರಲ್ಲಿ ಬಿಸಿಯೂಟದ ಹೊತ್ತಾಗಿ, ಮಕ್ಕಳ ಪಾಲಿಗೆ ಗ್ರೂಪ್ ಫೋಟೊ ಒಂದೇ ಉಳಿಯುತ್ತದೆ. ಅದಕ್ಕಿಂತ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆದು, ಅದಕ್ಕೇ ಸಲ್ಲುವ ಒಂದು ಮಾತು ಹೇಳಬೇಕು. 30 ಮಕ್ಕಳಿದ್ದರೆ ತಲಾ ಒಂದು ನಿಮಿಷದಂತೆ ಅರ್ಧ ಗಂಟೆ ಸಾಕು. ‘ಜಾಣೆ, ಚೆನ್ನಾಗಿ ಓದು’ ಅನ್ನುವುದನ್ನು ಯಾರಿಗೆ ಬೇಕಾದರೂ ಹೇಳಬಹುದು. ‘ಭಿನ್ನರಾಶಿ ತಿಳಿಯದ ಗೆಳತಿಗೆ ಬುತ್ತಿಯ ರೊಟ್ಟಿ ಮುರಿದು ಲೆಕ್ಕ ಹೇಳಿಕೊಟ್ಟವಳು ನೀನು’ ಅನ್ನುವುದು ಒಬ್ಬಳಿಗೇ ಸಲ್ಲುತ್ತದೆ.

ಇಂಥ ಮಾತು ನಿಂತ ನಿಲುವಿನಲ್ಲಿ ಹೊಳೆಯುವುದಿಲ್ಲ. ಫೆಬ್ರವರಿ ಮೊದಲ ವಾರವೇ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಂದೊಂದು ಹೆಸರಿಗೆ ಒಂದೊಂದು ಸಾಲು ಬರೆಯುತ್ತಾ ಹೋಗಬೇಕು. ತುಂಟರಿಗೂ ಜಾಣರಿಗೂ ಸಾಲು ತಾನಾಗಿ ಬರುತ್ತದೆ. ದಿನಾ ತಪ್ಪದೆ ಬಂದು, ನಡುವಿನ ಸಾಲಿನಲ್ಲಿ ಕೂತು, ಸದ್ದಿಲ್ಲದೆ ಮನೆಗೆ ಹೋಗುವ ಮಗುವಿನ ಹೆಸರು ಬಂದಾಗ ಪೆನ್ನು ನಿಂತುಬಿಡುತ್ತದೆ, ಕರುಳು ಚುರ್ ಅನ್ನುತ್ತದೆ. ಫೆಬ್ರವರಿಯಲ್ಲೇ ಬರೆಯಬೇಕು ಅನ್ನುವುದು ಅದಕ್ಕೇ. ಆ ಮಗುವನ್ನು ಹತ್ತಿರ ಕೂರಿಸಿಕೊಂಡು ಮಾತಾಡಲು ಇನ್ನೂ ಎರಡು ತಿಂಗಳು ಸಿಗುತ್ತದೆ.

ಕಾರ್ಯಕ್ರಮಕ್ಕೆಂದು ಮಕ್ಕಳಿಂದ ದುಡ್ಡು ಎತ್ತಲೇಬಾರದು. 50 ರೂಪಾಯಿ ತರಲಾಗದ ಮಗು ಆ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತದೆ.

ಟಿ.ಸಿ. ಬರೆಯುವಾಗ ಮನಸ್ಸು ಎಷ್ಟೇ ಭಾರವಾಗಿದ್ದರೂ ಕಣ್ಣು ಚುರುಕಾಗಿರಬೇಕು. ಹೆಸರು, ಇನಿಷಿಯಲ್, ತಂದೆ-ತಾಯಿ ಹೆಸರು, ಜನ್ಮದಿನಾಂಕವನ್ನು ದಾಖಲಾತಿ ವಹಿ, ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ), ಆಧಾರ್ ಮೂರರಲ್ಲೂ ತಾಳೆ ನೋಡಬೇಕು. ಒಂದು ಕಡೆ ‘ಮಂಜುಳ’, ಇನ್ನೊಂದು ಕಡೆ ‘ಮಂಜುಳಾ ಬಿ.’ ಎಂದಿದ್ದರೆ ವಿದ್ಯಾರ್ಥಿವೇತನಕ್ಕೆ ತೊಡಕಾಗುತ್ತದೆ. ತಪ್ಪು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೂ ಹೋಯಿತೆಂದರೆ, ತಿದ್ದಿಸಲು ಅಪ್ಪ-ಅಮ್ಮ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಹೈಸ್ಕೂಲು ದೂರವಿರುವ ಊರುಗಳಲ್ಲಂತೂ ಟಿ.ಸಿ. ಕೈಗಿಟ್ಟು ಸುಮ್ಮನಾಗುವಂತಿಲ್ಲ. ಯಾವ ಶಾಲೆ, ಬಸ್ಸು ಎಷ್ಟು ಹೊತ್ತಿಗೆ, ಜತೆಗೆ ಯಾರಿದ್ದಾರೆ ಎಂದು ಅಲ್ಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಒಂದೇ ಓಣಿಯ ಇಬ್ಬರು ಮೂವರು ಹುಡುಗಿಯರು ಒಂದೇ ಹೈಸ್ಕೂಲಿಗೆ ಸೇರುವಂತೆ ಮಾಡಿದರೆ ಮನೆಯವರ ಅರ್ಧ ಆತಂಕ ಇಳಿಯುತ್ತದೆ. ಜೂನ್‌ನಲ್ಲಿ ಆ ಪಟ್ಟಿ ಹಿಡಿದು ಹೈಸ್ಕೂಲಿಗೆ ಫೋನು ಮಾಡಬೇಕು, ಯಾರಾದರೂ ಸೇರಿಲ್ಲವೆಂದರೆ ಮನೆಗೇ ಹೋಗಬೇಕು. ಆಗ ಹೋದರೆ ಅಪ್ಪ-ಅಮ್ಮ ಮಾತು ಕೇಳುತ್ತಾರೆ. ದಸರಾ ಕಳೆದ ಮೇಲೆ ಹೋದರೆ ಹುಡುಗಿ ಆಗಲೇ ಕೂಲಿಗೆ ಹೋಗಲು ಶುರುಮಾಡಿರುತ್ತಾಳೆ.