ಉಳಿದ ದುಡ್ಡು ಯಾರದ್ದು?

ನಮ್ಮ ಟ್ರಸ್ಟಿನ ಆದಾಯ-ವೆಚ್ಚ ಪಟ್ಟಿಯ ಕೊನೆಯ ಸಾಲಲ್ಲಿ ಎಷ್ಟೋ ವರ್ಷದಿಂದ ‘ಕೊರತೆ’ ಅಂತಲೇ ಇರುತ್ತಿತ್ತು. ಈ ಸಲ ‘ಉಳಿಕೆ’ ಅಂತ ಬಂದಿದೆ. ವಾರ್ಷಿಕ ಸಭೆಯಲ್ಲಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮ ಹಳೆಯ ದಾನಿಯೊಬ್ಬರು ಎದ್ದು ಕೇಳಿದರು: “ಅಲ್ಲಮ್ಮಾ, ಧರ್ಮಕ್ಕೆ ನಡೆಸೋ ಸಂಸ್ಥೇಲಿ ದುಡ್ಡು ಉಳೀತು ಅಂದ್ರೆ ಏನರ್ಥ? ಯಾರಿಗೋ ಸೇರಬೇಕಾದ್ದು ಸೇರಲಿಲ್ಲ ಅಂತ ತಾನೆ?”

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಸಭೆಯಲ್ಲಿ ಎರಡು ಮಾತಲ್ಲಿ ಉತ್ತರಿಸಿದೆ, ಅದು ಸಾಲದು.

ಬಸವನಗುಡಿಯ ಒಳರಸ್ತೆಯ ಹಳೇ ಮನೆಯೊಂದರಲ್ಲಿದೆ ನಮ್ಮ ಡಯಾಲಿಸಿಸ್ ಕೇಂದ್ರ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ಇಲ್ಲಿ ಖಜಾಂಚಿ. ಮೂಲನಿಧಿಯನ್ನು ಎಫ್‌ಡಿಯಲ್ಲಿಟ್ಟು, ಬಡ್ಡಿಯಲ್ಲಿ ಬಾಡಿಗೆ, ಸಂಬಳ ತೂಗಿಸಬೇಕು ಎನ್ನುವುದು ಶುರು ಮಾಡಿದವರ ಲೆಕ್ಕವಾಗಿತ್ತು. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ 2019ರ ಆರಂಭದಲ್ಲಿ 6.5% ಇದ್ದ ರೆಪೊ ದರ, 2020ರ ಮೇ ಹೊತ್ತಿಗೆ 4%ಕ್ಕೆ ಇಳಿಯಿತು. ಅವಧಿ ಮುಗಿದ ಒಂದೊಂದು ಎಫ್‌ಡಿಯೂ ಕಡಿಮೆ ಬಡ್ಡಿಗೆ ನವೀಕರಣವಾಯಿತು. ಅದೇ ಹೊತ್ತಿಗೆ ಕೊರೊನಾ. ಕಿಡ್ನಿ ಕೈಕೊಟ್ಟವರಿಗೆ ಲಾಕ್‌ಡೌನ್ ಅಂತ ಮನೆಯಲ್ಲಿ ಕೂರುವ ಹಾಗಿಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಆಗಲೇಬೇಕು. ಖರ್ಚು ಏರಿತು, ಬಡ್ಡಿ ಇಳಿಯಿತು. ಟ್ರಸ್ಟಿಗಳು ಠರಾವು ಮಾಡಿ ಎಫ್‌ಡಿ ಮುರಿಸಿದರು. ನಿಧಿ ಕರಗಿದಷ್ಟೂ ಮುಂದಿನ ವರ್ಷದ ಬಡ್ಡಿ ಇನ್ನೂ ಕಡಿಮೆ.

ಹೊರಗಿನವರಿಗೆ ಸುಲಭಕ್ಕೆ ಕಾಣದ ಇನ್ನೊಂದು ಕಾರಣವೂ ಇತ್ತು: ದಾನವಾಗಿ ಬಂದ ಯಂತ್ರಗಳು. ದೊಡ್ಡ ಕಂಪನಿಗಳು ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು 2014ರಲ್ಲಿ ಜಾರಿಗೆ ಬಂತು. ಬೆಂಗಳೂರಲ್ಲಿ ಕಂಪನಿಗಳಿಗೇನು ಬರ? ಮನಸ್ಸಿಟ್ಟು ಯಂತ್ರ ಕೊಟ್ಟರು, ಅದು ಬೇಕಾಗಿಯೂ ಇತ್ತು. ಆದರೆ ಅದನ್ನು ಓಡಿಸುವ ಟೆಕ್ನಿಷಿಯನ್ ಸಂಬಳ, ಕರೆಂಟು, ನೀರು ಯಾರ ಬಜೆಟ್ಟಿನಲ್ಲೂ ಇರಲಿಲ್ಲ. ರೋಗಿಯಿಂದ ನಾವು ತೆಗೆದುಕೊಳ್ಳುತ್ತಿದ್ದದ್ದು ಅಸಲಿಗಿಂತ, ಅಂದರೆ ಒಂದು ಡಯಾಲಿಸಿಸ್‌ಗೆ ನಮಗೆ ತಗಲುವ ಖರ್ಚಿಗಿಂತ, ಎಷ್ಟೋ ಕಡಿಮೆ. ಹಾಗಿರುವಾಗ ಹೊಸ ಯಂತ್ರ ಬಂತೆಂದರೆ ಎರಡು-ಮೂರು ಪಾಳಿ ಹೆಚ್ಚಾಯಿತು, ಪಾಳಿ ಪಾಳಿಗೂ ನಷ್ಟ ಹೆಚ್ಚಾಯಿತು.

ಅಸಲು ಎಷ್ಟು ಅಂತ ಯಾರೂ ಕೂತು ಬರೆದಿರಲಿಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಪಕ್ಕ ಒಂದು ಬೆಳಗಿನ ಪಾಳಿ ಪೂರ್ತಿ ಕೂತು ಬರೆದುಕೊಂಡೆ. ಡಯಲೈಸರ್ (ರಕ್ತ ಸೋಸುವ ಫಿಲ್ಟರ್), ರಕ್ತದ ಟ್ಯೂಬು, ಎರಡು ಸೂಜಿ, ಹೆಪಾರಿನ್, ಸಲೈನ್, ಬೈಕಾರ್ಬೊನೇಟ್. “ಮೇಡಂ, ನೀರು ಬರ್ಕೊಳ್ಳಿ” ಅಂದ. ಡಯಲೈಸರ್ ಒಳಗೆ ಹರಿಯುವುದು ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ, ನಾಲ್ಕು ಗಂಟೆಗೆ 120 ಲೀಟರ್. ಆರ್‌ಓ ಹೊರಗೆ ಬಿಡುವ ನೀರು ಇದರ ಮೇಲೆ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಹತ್ತಿರದ ದೂರಕ್ಕೆ 1,000 ರೂಪಾಯಿ ಅಂತ ದರ ಗೊತ್ತು ಮಾಡುವ ಮೊದಲು, ನೀರಿನ ಬಿಲ್ಲು ನೋಡಿ ನನಗೆ ನಿದ್ದೆ ಬರುತ್ತಿರಲಿಲ್ಲ. ಈಗ ಆರ್‌ಓ ಬಿಡುವ ನೀರು ಪೈಪಿನಲ್ಲಿ ಶೌಚಾಲಯದ ಟ್ಯಾಂಕಿಗೆ ಹೋಗುತ್ತದೆ.

ಉಳಿತಾಯದ ಸಲಹೆ ಕೊಟ್ಟವರೆಲ್ಲ ಡಯಲೈಸರ್ ಕಡೆ ಬೆರಳು ತೋರಿಸಿದರು: ಇನ್ನೂ ನಾಲ್ಕು ಸಲ ಹೆಚ್ಚು ಬಳಸಬಹುದಲ್ಲ? ಒಬ್ಬ ರೋಗಿಯ ಡಯಲೈಸರನ್ನು ತೊಳೆದು, ಹೆಸರು ಬರೆದಿಟ್ಟು, ಅವರಿಗೇ ಮತ್ತೆ ಬಳಸುವ ಪದ್ಧತಿ ಇದೆ. ಆದರೆ ಪ್ರತಿ ಸಲ ಅಳೆಯಬೇಕು. ಒಳಗಿನ ನಾಳಗಳಲ್ಲಿ ನೀರು ಹಿಡಿಯುವ ಅಳತೆ ಮೊದಲಿನ 80%ಕ್ಕಿಂತ ಕೆಳಗಿಳಿದರೆ ಬಿಸಾಡಲೇಬೇಕು. ಆ ಗೆರೆಯನ್ನು ನಾವು ದಾಟಲಿಲ್ಲ. ಕೊರತೆ ತುಂಬಿಸುವುದಕ್ಕೆ ರೋಗಿಯ ರಕ್ತ ಅರೆಬರೆ ಶುದ್ಧವಾದರೆ ಅದು ಧರ್ಮ ಅಲ್ಲ.

ಬದಲಾದದ್ದು ನಾವು ಕೇಳುವ ರೀತಿ. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಡಯಾಲಿಸಿಸ್. ಕಂಪನಿಗಳ ಮುಂದೆ ಅಸಲಿನ ಹಾಳೆ ಇಟ್ಟು “ಯಂತ್ರ ಸದ್ಯಕ್ಕೆ ಬೇಡ, ಒಬ್ಬರ ಒಂದು ವರ್ಷ ಕೊಡಿ” ಅಂದೆವು. ಸಂಬಳಕ್ಕೆ, ನೀರಿಗೆ ದುಡ್ಡು ಕೊಡಲ್ಲ ಅಂತ ಕೆಲವರು ಎದ್ದು ಹೋದರು. ಒಪ್ಪಿದವರು ವರ್ಷ ವರ್ಷವೂ ನಿಂತರು. ಬೇರೆ ಧರ್ಮಾರ್ಥ ಕೇಂದ್ರಗಳ ಜೊತೆ ಸೇರಿ ಸಾಮಾನು ಒಟ್ಟಿಗೆ ಕೊಳ್ಳತೊಡಗಿದೆವು. ಶಕ್ತಿ ಇದ್ದವರಿಗೆ ದರ ಏರಿಸಿದೆವು. ಯಾರಿಗೆ ಶಕ್ತಿ ಇದೆ ಅಂತ ನೋಡುವುದು ನಮ್ಮ ಸಮಾಜ ಕಾರ್ಯಕರ್ತೆ, ನಾನಲ್ಲ. 2016ರಲ್ಲಿ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಡಯಾಲಿಸಿಸ್ ಯೋಜನೆಯಿಂದ ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಸೌಲಭ್ಯ ಇದೆ. ಕನಕಪುರ, ಮಾಗಡಿ ಕಡೆಯಿಂದ ಕತ್ತಲಲ್ಲೇ ಬಸ್ಸು ಹತ್ತುತ್ತಿದ್ದವರಲ್ಲಿ ಊರ ಹತ್ತಿರ ಜಾಗ ಸಿಕ್ಕವರನ್ನು ಅಲ್ಲಿಗೆ ಸೇರಿಸಿದೆವು.

ಇನ್ನು ಆ ಹಿರಿಯರ ಪ್ರಶ್ನೆ. ಕಾನೂನಿನ ಪ್ರಕಾರ ಟ್ರಸ್ಟಿನ ವರ್ಷದ ಆದಾಯದಲ್ಲಿ 85% ಉದ್ದೇಶಿತ ಕೆಲಸಕ್ಕೆ ವಿನಿಯೋಗವಾಗಬೇಕು, 15% ಇಟ್ಟುಕೊಳ್ಳಬಹುದು. ನಮ್ಮ ಉಳಿಕೆ ಅದರೊಳಗೇ ಇದೆ. ಕಾನೂನಿನ ಮಾತು ಬಿಡಿ. ಸೋಮವಾರದ ಡಯಾಲಿಸಿಸ್ ತಪ್ಪಿಸಿಕೊಂಡವರು ಬುಧವಾರ ಮೈ ಊದಿ, ಮೆಟ್ಟಿಲ ಮೇಲೆ ಉಸಿರಿಗೆ ಒದ್ದಾಡುತ್ತಾ ನಿಲ್ಲುವುದನ್ನು ಬಂದು ನೋಡಿ. ದುಡ್ಡಿಲ್ಲ, ಮುಂದಿನ ತಿಂಗಳು ಬನ್ನಿ ಅಂತ ಅವರಿಗೆ ಹೇಳುವುದಕ್ಕಾಗುತ್ತದೆಯೇ? ಒಬ್ಬರನ್ನು ಸೇರಿಸಿಕೊಂಡೆವು ಅಂದರೆ ಅವರ ಮುಂದಿನ ವರ್ಷಕ್ಕೂ ಮಾತು ಕೊಟ್ಟ ಹಾಗೆ. ಉಳಿದ ದುಡ್ಡು ಆ ಮುಂದಿನ ವರ್ಷದ್ದು. ಆರು ತಿಂಗಳ ಖರ್ಚಿನಷ್ಟು ಕೂಡಿಡಬೇಕೆಂದು ಟ್ರಸ್ಟಿಗಳು ತೀರ್ಮಾನಿಸಿದ್ದಾರೆ, ಅದಕ್ಕಿನ್ನೂ ದೂರ ಇದೆ.

ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿ ಇಲ್ಲ. ಆದರೂ ಕೊಡುವುದನ್ನು ನಿಲ್ಲಿಸದ ಸಣ್ಣ ದಾನಿಗಳಿಗೆ ನಾನು ವಿಶೇಷವಾಗಿ ಋಣಿ. ಹಳೆಯ ಪದ್ಧತಿಯಲ್ಲಿರುವವರು 2,000ಕ್ಕಿಂತ ಹೆಚ್ಚಿನ ಮೊತ್ತವನ್ನು ದಯವಿಟ್ಟು ನಗದಾಗಿ ತರಬೇಡಿ, ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಯುಪಿಐ ಮಾಡಿ, ಪ್ಯಾನ್ ನಂಬರ್ ಬರೆದುಕೊಡಿ. ಮಾರ್ಚ್ ಕೊನೆಯೊಳಗೆ ಬಂದ ದಾನದ ಪ್ರಮಾಣಪತ್ರ ಮೇ 31ರೊಳಗೆ ನಿಮಗೆ ತಲುಪುತ್ತದೆ.