ಮೂರು ನಿಮಿಷಕ್ಕೆ ನೂರು ಸುತ್ತು

ಅಕ್ಕನ ಮಗ ಹದಿನಾಲ್ಕು ತಿಂಗಳಿಂದ ಕಾಯುತ್ತಿದ್ದ ಪಾರ್ಸಲ್ ಕೊನೆಗೂ ಬಂತು. ಅವನು ಕೆಲಸ ಮಾಡೋದು ಬೆಂಗಳೂರಿನಲ್ಲಿ. ಬಾಕ್ಸನ್ನು ಬಿಚ್ಚದೆ ಹಾಗೇ ಭಾನುವಾರದ ರೈಲಿನಲ್ಲಿ ತುಮಕೂರಿಗೆ ಹೊತ್ತು ತಂದ. "ಚಿಕ್ಕಮ್ಮ, ಮೊದಲನೇ ಪ್ಲೇಟು ನಿಮ್ಮನೇಲೇ ಹಾಕ್ಬೇಕು" ಅಂದ. ಅವನಿಗೆ ಎಲ್‌ಪಿ, ಅಂದರೆ ಸೂಜಿ ಇಟ್ಟು ಕೇಳುವ ಹಾಡಿನ ದೊಡ್ಡ ಪ್ಲೇಟಿನ ಹುಚ್ಚು ಹಿಡಿಸಿದ್ದು ನಾನು ಮತ್ತು ಅಪ್ಪ. ಅದಕ್ಕೇ ಆವತ್ತು ಆದದ್ದನ್ನು ಬರೆದಿಡಬೇಕು ಅನ್ನಿಸಿತು.

ತುಂಬ ಚೆಂದದ ರೆಕಾರ್ಡ್ ಪ್ಲೇಯರ್. ಕಂದು ಮರದ ಪೆಟ್ಟಿಗೆ, ದುಂಡನೆಯ ಮೂಲೆಗಳು, ಮುಂದೆ ಹಿತ್ತಾಳೆಯ ಒಂದೇ ಒಂದು ಗುಂಡಿ. ಸ್ಪೀಕರ್ ಒಳಗೇ ಇದೆ. ಬ್ಲೂಟೂತ್ ಇದೆ. ಅಮ್ಮ ಬಂದು ಸೆರಗಿನಿಂದ ಒಂದು ಸಲ ಒರೆಸಿ, "ದೇವರ ಪೆಟ್ಟಿಗೆ ಥರ ಇದೆ ಕಣೋ" ಅಂದರು. ಅವನು ಅದಕ್ಕೆ ಮುಂಗಡವಾಗಿ 22,000 ರೂಪಾಯಿ ಕಟ್ಟಿದ್ದ. ಅಂಗಡಿಯಲ್ಲಿ ನೋಡಿ, ಕೇಳಿ ಕೊಂಡದ್ದಲ್ಲ. ಇಂಟರ್‌ನೆಟ್‌ನಲ್ಲಿ ಒಂದಷ್ಟು ಜನ ಮೊದಲೇ ದುಡ್ಡು ಹಾಕುತ್ತಾರೆ, ಆ ದುಡ್ಡಿನಲ್ಲಿ ವಸ್ತು ತಯಾರಾಗಬೇಕು. ಕ್ರೌಡ್‌ಫಂಡಿಂಗ್ ಅಂತಾರಲ್ಲ, ಅದು.

ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ಒಂದು ಎಲ್‌ಪಿ ನಮ್ಮಲ್ಲಿದೆ. ಅಪ್ಪ ಅದನ್ನು ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಹುಡುಗ ಅದನ್ನೇ ಕೈಗೆತ್ತಿಕೊಂಡ. ಅಪ್ಪ ಬೇಡ ಅನ್ನಲಿಲ್ಲ. ಸೂಜಿ ಇಳಿಯಿತು. ವೀಣೆ ಶುರುವಾಯಿತು. ನನಗೆ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ನಾನು ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಶ್ರುತಿ ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ನಮ್ಮ ಹಳೇ ಪ್ಲೇಯರ್‌ನಲ್ಲಿ ಆ ಎಲ್‌ಪಿ ಯಾವ ಶ್ರುತಿಗೆ ಸೇರುತ್ತದೆ ಅನ್ನೋದು ನನಗೆ ಬಾಯಿಪಾಠ. ಅದೇ ಶ್ರುತಿ ಇಟ್ಟೆ. ಸೇರಲಿಲ್ಲ. ವೀಣೆ ಮೇಲಕ್ಕೆ ಎಳೆಯುತ್ತಿತ್ತು. ಇನ್ನೂ ಬೇಜಾರಾದದ್ದು ಬೇರೆ. ವೀಣೆಯಲ್ಲಿ ಒಂದು ಸಲ ಮೀಟಿದರೆ ನಾದ ನಿಧಾನವಾಗಿ ಆರುತ್ತದೆ ನೋಡಿ, ಆ ಬಾಲ ನೆಟ್ಟಗೆ ಇಳಿಯಬೇಕು. ಇಲ್ಲಿ ಅದು ಅಲ್ಲಾಡುತ್ತಿತ್ತು, ನೀರಿನಲ್ಲಿ ಬಿದ್ದ ನೆರಳಿನ ಹಾಗೆ.

ಅಪ್ಪ ಎಚ್‌ಎಂಟಿಯವರು. ಇಲ್ಲಿನ ವಾಚ್ ಫ್ಯಾಕ್ಟರಿ 1978ರಲ್ಲಿ ಶುರುವಾಯಿತು, ಅಪ್ಪ ಮೊದಮೊದಲು ಸೇರಿದವರಲ್ಲಿ ಒಬ್ಬರು. 2016ರಲ್ಲಿ ಅದಕ್ಕೆ ಬೀಗ ಬಿದ್ದ ಸುದ್ದಿ ಬಂದ ದಿನ ಅವರು ಊಟ ಮಾಡಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐಗ್ಲಾಸ್ ಇವತ್ತಿಗೂ ಮೇಜಿನ ಖಾನೆಯಲ್ಲಿದೆ. ಅಪ್ಪ ಒಂದು ಚೂರು ಕಾಗದ ಹರಿದು ಪ್ಲೇಟಿನ ಲೇಬಲ್ ಮೇಲೆ ಇಟ್ಟರು. ಕೈಯಲ್ಲಿದ್ದ ವಾಚ್ ಬಿಚ್ಚಿದರು. "ಎಣಿಸಮ್ಮ" ಅಂದರು.

ಇದು ನಮ್ಮನೆಯ ಹಳೇ ಲೆಕ್ಕ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಾಗಿನಿಂದ ಇದೇ ವೇಗ. ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ಮಷೀನು ಬೇಡ, ಆಪ್ ಬೇಡ. ನಾನು ಎಣಿಸಿದೆ. ನೂರಾ ಮೂರು ಬಂತು. ಮತ್ತೆ ಎಣಿಸಿದೆ, ಮತ್ತೆ ನೂರಾ ಮೂರು. ನೂರಕ್ಕೆ ಮೂರು ಜಾಸ್ತಿ ಅಂದರೆ ಶ್ರುತಿ ಹೆಚ್ಚುಕಮ್ಮಿ ಅರ್ಧ ಸ್ವರಸ್ಥಾನ ಏರುತ್ತದೆ. ಹಾಡುವವರಿಗೆ ಇದು ಸಣ್ಣ ವಿಷಯ ಅಲ್ವೇ ಅಲ್ಲ.

ಆಮೇಲೆ ಸೂಜಿ ಪ್ಲೇಟನ್ನು ಒತ್ತುವ ತೂಕ. ಮಂಡಿಪೇಟೆ ಕಡೆ ಅಪ್ಪನ ಸ್ನೇಹಿತರೊಬ್ಬರು ಚಿನ್ನದ ಕೆಲಸ ಮಾಡುತ್ತಾರೆ. ಅವರು ಕೊಟ್ಟ ಅಂಗೈಯಗಲದ ತಕ್ಕಡಿ ನಮ್ಮಲ್ಲಿದೆ. ಸೂಜಿಯನ್ನು ಅದರ ಮೇಲೆ ಇಳಿಸಿದೆವು. 5.8 ಗ್ರಾಂ. ನಮ್ಮ ಹಳೇ ಪ್ಲೇಯರ್‌ನದು 1.8. ಸೂಜಿ ಕೂತಿರುವ, ಅದರ ನಡುಕವನ್ನು ಕರೆಂಟ್ ಮಾಡುವ ಪುಟ್ಟ ಡಬ್ಬಿಗೆ ಕಾರ್ಟ್ರಿಜ್ ಅಂತಾರೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ ಭಾರದಲ್ಲಿ ಓಡುತ್ತವೆ. ಹುಡುಗನ ಪ್ಲೇಯರ್‌ನಲ್ಲಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಜ್, ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್‌ಗಳಲ್ಲಿ ಬರುತ್ತದಲ್ಲ, ಅದೇ ಜಾತಿ. ಭಾರ ಕಡಿಮೆ ಮಾಡೋಣ ಅಂದರೆ ಸೂಜಿ ಹೊತ್ತ ತೋಳಿನ ಹಿಂದೆ ತಿರುಗಿಸುವ ತೂಕದ ಗುಂಡೇ ಇಲ್ಲ.

ಅಪ್ಪ ಐಗ್ಲಾಸ್ ಹಾಕಿಕೊಂಡು ಸೂಜಿ ನೋಡಿದರು, ಆಮೇಲೆ ನನಗೆ ಕೊಟ್ಟರು. ಎಲ್‌ಪಿಯ ಗೆರೆ ತಲೆಕೂದಲಿಗಿಂತ ಅಗಲವೇನಲ್ಲ. ಒಂದು ಕಡೆಯ ಗೆರೆಯನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ ಅರ್ಧ ಕಿಲೋಮೀಟರ್ ಹತ್ತಿರ ಹೋಗುತ್ತದೆ. ಅಷ್ಟು ದೂರವೂ ಈ ತುದಿ ಎರಡು ಗೋಡೆಗಳನ್ನು ಒತ್ತಿಕೊಂಡೇ ಓಡಬೇಕು. ಆ ಗೋಡೆಗಳ ಏರಿಳಿತವೇ ವೀಣೆ. ಮೂರು ಪಟ್ಟು ಭಾರ ಹೇರಿದರೆ ಮೊದಲು ಸವೆಯುವುದು ತೆಳುವಾದ, ಸಣ್ಣ ಸಣ್ಣ ಏರಿಳಿತ. ಒಂದು ಸಲ ಹಾಕಿದ ತಕ್ಷಣ ಪ್ಲೇಟು ಹಾಳಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ದಿನಾ ಹಾಕುವವರಿಗೆ ಹೇಳುತ್ತಿದ್ದೇನೆ. ಹಾಳಾದ ಮೇಲೆ ಆ ಎಲ್‌ಪಿಯನ್ನು ಎಲ್ಲಿಂದ ತರೋದು?

ವಾಲ್ಯೂಮ್ ಏರಿಸಿದರೆ ಇನ್ನೊಂದು ತೊಂದರೆ. ಸ್ಪೀಕರ್ ನಡುಗಿದರೆ ಪೆಟ್ಟಿಗೆ ನಡುಗುತ್ತದೆ, ಪೆಟ್ಟಿಗೆ ನಡುಗಿದರೆ ಸೂಜಿ ನಡುಗುತ್ತದೆ, ಆ ನಡುಕವೂ ಹಾಡಿನ ಜೊತೆ ಸ್ಪೀಕರ್‌ಗೆ ಹೋಗುತ್ತದೆ. ಗುಂಯ್ ಅನ್ನುವ ಶಬ್ದ ಕೋಣೆಯೆಲ್ಲ ತುಂಬಿತು. ಸ್ಪೀಕರನ್ನು ಬೇರೆಯಾಗಿ, ದೂರ ಇಡುವುದು ಇದಕ್ಕೇ.

ಹುಡುಗನ ಮುಖ ಸಣ್ಣಗಾಯಿತು. "ಇದನ್ನೆಲ್ಲ ಮೊದಲೇ ಓದಿದ್ದೆ ಚಿಕ್ಕಮ್ಮ. ದೊಡ್ಡ ಸೆಟ್ ಇಟ್ಕೊಂಡೋರು ಹೊಟ್ಟೆಕಿಚ್ಚಿಗೆ ಬರೀತಾರೆ ಅಂದ್ಕೊಂಡೆ" ಅಂದ.

ಈ ಮಾತಿಗೆ ಉತ್ತರ ಕೊಡಲೇಬೇಕು. ಆಡಿಯೊ ಹುಚ್ಚಿನವರಿಗೆ ಇಂಥ ಪ್ಲೇಯರ್‌ಗಳ ಮೇಲೆ ಅನುಮಾನ ಹುಟ್ಟುವುದು ಅಂದ ಕಂಡರೆ ಆಗದೆ ಅಲ್ಲ. ವಿಡಿಯೊದಲ್ಲಿ ಮರ ತೋರಿಸುತ್ತಾರೆ, ಕಿಟಕಿಯ ಬೆಳಕು ತೋರಿಸುತ್ತಾರೆ, ಕಾಫಿ ಕಪ್ ತೋರಿಸುತ್ತಾರೆ. ಕಾರ್ಟ್ರಿಜ್ ಯಾವುದು ಅನ್ನೋದನ್ನು ಮಾತ್ರ ಹೇಳುವುದಿಲ್ಲ. 2016ರಲ್ಲಿ ಸ್ಲೊವೇನಿಯಾದ ಒಂದು ತಂಡ, ತಟ್ಟೆ ಗಾಳಿಯಲ್ಲಿ ತೇಲುತ್ತಾ ತಿರುಗುವ ರೆಕಾರ್ಡ್ ಪ್ಲೇಯರ್‌ಗೆ ಕಿಕ್‌ಸ್ಟಾರ್ಟರ್ ಅನ್ನುವ ಕ್ರೌಡ್‌ಫಂಡಿಂಗ್ ಸೈಟಿನಲ್ಲಿ ಹಣ ಎತ್ತಿತು. ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಆಗಲೂ ಜನ ಕೇಳಿದ್ದು ನ್ಯಾಯವಾದ ಪ್ರಶ್ನೆಯನ್ನೇ: ತಟ್ಟೆ ತೇಲಿದರೆ ಸೂಜಿಗೆ ಏನು ಲಾಭ? ಮರು ವರ್ಷ ಪ್ಲೇಟಿನ ಮೇಲೇ ಗಾಡಿಯ ಹಾಗೆ ಓಡುವ ಪುಟ್ಟ ಪ್ಲೇಯರ್‌ಗೂ ಅಲ್ಲೇ ದುಡ್ಡು ಕೂಡಿತು. ಅಂಗಡಿಯಲ್ಲಾದರೆ ಹಾಕಿ ತೋರಿಸಿ ಅನ್ನಬಹುದು. ಇಲ್ಲಿ ನಾವು ದುಡ್ಡು ಕೊಡುವಾಗ ವಸ್ತುವೇ ಹುಟ್ಟಿರುವುದಿಲ್ಲ. ತಮ್ಮದು ಅಂಗಡಿಯಲ್ಲ ಅಂತ ಕಿಕ್‌ಸ್ಟಾರ್ಟರ್‌ನವರೇ 2012ರಲ್ಲಿ ಹೇಳಿದ್ದರು.

ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಅನ್ನುವ ಪ್ಲೇಯರ್ ಬಂದದ್ದು 1972ರಲ್ಲಿ. 2010ರಲ್ಲಿ ನಿಲ್ಲಿಸಿದರು, ಜನ ಬಿಡಲಿಲ್ಲ, 2016ರಲ್ಲಿ ಮತ್ತೆ ತಂದರು. ಅದು ಉಳಿದದ್ದು ಮೋಟರ್‌ನಿಂದ, ತೋಳಿನಿಂದ. ಅಪ್ಪನೂ ಆವತ್ತು ಹುಡುಗನಿಗೆ ಹೇಳಿದ್ದು ಇಷ್ಟೇ: "ನಾವೂ ಡಯಲ್ ಚೆನ್ನಾಗಿ ಮಾಡ್ತಿದ್ವಿ ಮಗಾ. ಆದ್ರೆ ಟೈಮ್ ತಪ್ಪೋ ವಾಚನ್ನ ಫ್ಯಾಕ್ಟರಿಯಿಂದ ಆಚೆ ಬಿಡ್ತಿರ್ಲಿಲ್ಲ." ಬೈಯಲಿಲ್ಲ. ಎಲ್‌ಪಿಯನ್ನು ತೆಗೆದು, ಮೆತ್ತನೆಯ ಬ್ರಷ್ ಆಡಿಸಿ, ನಮ್ಮ ಹಳೇ ಪ್ಲೇಯರ್‌ಗೆ ಹಾಕಿದರು. ಹುಡುಗ ನೆಲದ ಮೇಲೆ ಕೂತು ಒಂದು ಕಡೆ ಪೂರ್ತಿ ಕೇಳಿದ. ಮಧ್ಯದಲ್ಲಿ ಒಮ್ಮೆ ಶ್ರುತಿ ಪೆಟ್ಟಿಗೆ ಆನ್ ಮಾಡಿ ತಾನೇ ನೋಡಿದ. ಸೇರಿತು.

ಅವನು ಈಗ ದುಡ್ಡು ಕೂಡಿಡುತ್ತಿದ್ದಾನೆ. ಹೊಸ ಪ್ಲೇಯರ್ ಏನಾದರೂ ಕಂಡರೆ ನನಗೆ ಲಿಂಕ್ ಕಳಿಸುತ್ತಾನೆ. ಯಾವ ಕಾರ್ಟ್ರಿಜ್, ಸೂಜಿ ಬದಲಾಯಿಸಬಹುದಾ, ಭಾರ ಹೊಂದಿಸಬಹುದಾ ಅಂತ ನಾನು ಕೇಳುತ್ತೇನೆ. ಮೊನ್ನೆ ಕಳಿಸಿದ್ದರಲ್ಲಿ ಹನ್ನೆರಡು ಫೋಟೊ ಇದ್ದವು. ನಾನು ಏನಾದರೂ ಕೇಳುವ ಮೊದಲೇ ಅವನ ಮೆಸೇಜ್ ಬಂತು: "ಚಿಕ್ಕಮ್ಮ, ಸೂಜಿ ಫೋಟೊ ಒಂದೂ ಇಲ್ಲ."